‘ಕಾನಡಾ’ ಎಂಬ ಒಂದು ಪದ: ಮಾಡಗೂಳಕರ–ಫಡಕೆ ಜೋಡಿಯ ಹಾಡೊಂದರ ಅರ್ಥವಿಚಾರ

ಗಡಿಸೀಮೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ‘ಕಾನಡಾ ರಾಜಾ ಪಂಢರೀಚಾ’ ಎಂಬ ಮಾತನ್ನು ಕೇಳದವರು ವಿರಳ. ಸಂಘದ ಸಭೆಗಳಲ್ಲಿ, ಗಡಿಯ ಪ್ರಶ್ನೆ ತಲೆಯೆತ್ತಿದಾಗ, ಮದುವೆ ಮನೆಯ ಹರಟೆಯಲ್ಲಿ ಸಹ, ಯಾರಾದರೊಬ್ಬರು ಈ ಮಾತನ್ನೆತ್ತಿ, ‘ನೋಡಿರಿ, ಪಂಢರಪುರದ ದೇವರು ಕನ್ನಡಿಗನೆಂದು ಮರಾಠಿಗರೇ ಒಪ್ಪಿಕೊಂಡಿದ್ದಾರೆ’ ಎಂದು ವಾದ ಮುಗಿಸುವುದು ರೂಢಿಯಾಗಿದೆ. ಆದರೆ ಇದು ಒಂದು ಹಾಡಿನ ಹೆಸರೆಂಬುದು, ಆ ಹಾಡಿಗೆ ಮೂರು ಚರಣಗಳಿವೆಯೆಂಬುದು, ಅದು ಒಂದು ಚಲಚ್ಚಿತ್ರಕ್ಕಾಗಿ ರಚಿತವಾದುದೆಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದು. ಹೆಸರು ಪ್ರಸಿದ್ಧ, ಹಾಡು ಅಪ್ರಸಿದ್ಧ. ಹೊಲವನ್ನು ಕಣ್ಣಿಂದ ನೋಡದೆ ಸಾತಬಾರಾ ಉತಾರವನ್ನು ಮಾತ್ರ ಕೈಯಲ್ಲಿ ಹಿಡಿದು ತಿರುಗುವ ವಾರಸುದಾರನಂತೆ ನಮ್ಮ ಸ್ಥಿತಿ. ಆ ಹೊಲದೊಳಗೆ ಒಮ್ಮೆ ಇಳಿದು ನೋಡೋಣವೆಂಬುದು ಈ ಲೇಖನದ ಉದ್ದೇಶ.

ಹಾಡನ್ನು ಬರೆದವರು ಗಜಾನನ ದಿಗಂಬರ ಮಾಡಗೂಳಕರರು. ಮರಾಠಿ ಜನ ಪ್ರೀತಿಯಿಂದ ‘ಗದಿಮಾ’ ಎನ್ನುವರು. ಸ್ವರ ಕೂಡಿಸಿದವರು ಸುಧೀರ ಫಡಕೆಯವರು. ಇಬ್ಬರೂ 1919ರಲ್ಲಿ ಜನಿಸಿದವರು. 1955ರಲ್ಲಿ ಪುಣೆಯ ಆಕಾಶವಾಣಿಯಿಂದ ವಾರವಾರವೂ ಬಿತ್ತರಗೊಂಡ ‘ಗೀತ ರಾಮಾಯಣ’ದ ಐವತ್ತಾರು ಹಾಡುಗಳು ಈ ಜೋಡಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿದವು. ಅದು ಕನ್ನಡವೂ ಸೇರಿ ಅನೇಕ ಭಾಷೆಗಳಿಗೆ ಇಳಿದು ಬಂದಿತು. ನಾವಿಲ್ಲಿ ಎತ್ತಿಕೊಂಡ ಹಾಡು ಅದಕ್ಕಿಂತ ಹದಿನೈದು ವರ್ಷ ಕಿರಿದು. 1970ರ ‘ಝಾಲಾ ಮಹಾರ ಪಂಢರೀನಾಥ’ ಎಂಬ ಮರಾಠಿ ಚಿತ್ರದ್ದು. ಸ್ವತಃ ಫಡಕೆಯವರು ಮತ್ತು ಪಂಡಿತ ವಸಂತರಾವ ದೇಶಪಾಂಡೆಯವರು ಜೊತೆಯಾಗಿ ಹಾಡಿದ್ದಾರೆ. ಮರಾಠಿ ಮನೆಗಳಲ್ಲಿ ಆಷಾಢಿ ಏಕಾದಶಿಯ ಬೆಳಗ್ಗೆ ರೇಡಿಯೋದಲ್ಲಿ ಇದು ಕೇಳಿಬರುವುದು ಸಾಮಾನ್ಯ. ಕನ್ನಡ ಮನೆಗಳಲ್ಲಿ, ಮೇಲೆ ಹೇಳಿದಂತೆ, ಅದರ ಹೆಸರಷ್ಟೇ ಸುಳಿದಾಡುತ್ತದೆ.

ಚಿತ್ರದ ಹೆಸರಿನ ಅರ್ಥ ‘ಪಂಢರಿನಾಥನು ಮಹಾರನಾದನು’ ಎಂದು. ಕಥೆ ದಾಮಾಜಿಪಂತರದು. ಹದಿನೈದನೆಯ ಶತಮಾನದವರೆಂದು ಪ್ರತೀತಿಯಿರುವ ಈ ದಾಮಾಜಿಗಳು ಮಂಗಳವೇಢೆಯಲ್ಲಿ ಬೀದರದ ಬಾದಶಹನ ಅಧಿಕಾರಿಗಳಾಗಿದ್ದರು. ಬರಗಾಲ ಬಿದ್ದಿತು. ಹಸಿದ ಜನಕ್ಕೆ ಅವರು ಸರಕಾರಿ ಹಗೇವುಗಳನ್ನು ತೆರೆದು ಧಾನ್ಯ ಹಂಚಿಬಿಟ್ಟರು. ಬಾದಶಹನಿಗೆ ಸುದ್ದಿ ಮುಟ್ಟಿತು. ದಾಮಾಜಿಗಳನ್ನು ಹಿಡಿತರಲು ಆಳುಗಳು ಹೊರಟರು. ಅಷ್ಟರಲ್ಲಿ ವಿಠು ಎಂಬ ಹೆಸರಿನ ಒಬ್ಬ ಮಹಾರನು, ಕಂಬಳಿ ಹೊದ್ದು ಕೋಲು ಹಿಡಿದು ಬೀದರದ ದರ್ಬಾರಿಗೆ ಬಂದು, ಧಾನ್ಯದ ಪೂರಾ ಹಣವನ್ನು ಸುರಿದು, ಪಾವತಿ ಬರೆಯಿಸಿಕೊಂಡು ಹೋದನು. ದಾಮಾಜಿಗಳು ಬೀದರ ಮುಟ್ಟಿದಾಗ ಅವರ ಲೆಕ್ಕ ಚುಕ್ತಾ ಆಗಿತ್ತು. ಬಂದವನು ಯಾರೆಂದು ಬಾದಶಹನಿಗೆ ತಿಳಿಯದು, ದಾಮಾಜಿಗಳಿಗೆ ತಿಳಿಯಿತು.

ಈ ಕಥೆಯ ನೆಲ ನಮಗೆ ಪರಕೀಯವಲ್ಲ. ಮಂಗಳವೇಢೆಯೆಂದರೆ ಕಲಚುರಿಗಳ ಮಂಗಳವಾಡ. ಕೂಡಲಸಂಗಮದಿಂದ ಹೊರಟ ಬಸವಣ್ಣನವರು ಬಿಜ್ಜಳನಲ್ಲಿ ಕರಣಿಕರಾಗಿ ಲೆಕ್ಕಣಿಕೆ ಹಿಡಿದುದು ಅಲ್ಲಿಯೇ ಎಂದು ಹರಿಹರನ ರಗಳೆ ಹೇಳುತ್ತದೆ. ಒಂದೇ ಊರಿನಲ್ಲಿ, ಮೂರು ಶತಮಾನಗಳ ಅಂತರದಲ್ಲಿ, ಅರಸನ ಬೊಕ್ಕಸದ ಹಣ ಹಸಿದವರದೋ ಅರಸನದೋ ಎಂಬ ಪ್ರಶ್ನೆಯನ್ನು ಇಬ್ಬರು ಲೆಕ್ಕದವರು ಎದುರಿಸಿದರೆಂಬುದು ಸೋಜಿಗದ ಸಂಗತಿ. ಇನ್ನು ಬೀದರವೋ, ನಮ್ಮ ನಿಲಂಗಾ, ಉದಗೀರ ತಾಲೂಕುಗಳು 1956ರಲ್ಲಿ ರಾಜ್ಯ ಪುನರ್ವಿಂಗಡಣೆ ಆಗುವವರೆಗೂ ಬೀದರ ಜಿಲ್ಲೆಯವೇ ಆಗಿದ್ದವು. ವಿಠು ಮಹಾರನು ಪಾವತಿ ಪಡೆದ ಕಚೇರಿಯಲ್ಲಿಯೇ ನಮ್ಮ ಹಿರಿಯರು ಕಂದಾಯದ ಪಾವತಿ ಪಡೆದರೆಂದರೆ ಕಾಲದಲ್ಲಿ ತಪ್ಪಾದರೂ ಸ್ಥಳದಲ್ಲಿ ತಪ್ಪಾಗದು.

ಈಗ ಪದದ ವಿಚಾರ. ‘ಕಾನಡಾ’ ಎಂಬುದನ್ನು ಗದಿಮಾ ತಾವಾಗಿ ಹುಟ್ಟಿಸಿದವರಲ್ಲ. ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದರಲ್ಲಿ ವಿಠ್ಠಲನಿಗೆ ‘ಕಾನಡಾ’ ಎಂದೂ ‘ಕರ್ನಾಟಕು’ ಎಂದೂ ಎರಡು ವಿಶೇಷಣಗಳಿವೆ. ಇವುಗಳ ಅರ್ಥವೇನೆಂಬುದರ ಮೇಲೆ ವಿದ್ವಾಂಸರಲ್ಲಿ ಎರಡು ಪಕ್ಷ. ಒಂದು ಪಕ್ಷದವರು ಹೇಳುವುದು: ಅರ್ಥ ಸ್ಪಷ್ಟವೇ ಇದೆ, ಕನ್ನಡದವನು, ಕರ್ನಾಟಕದವನು. ಇನ್ನೊಂದು ಪಕ್ಷದವರು ಹೇಳುವುದು: ಹಳೆಯ ಮರಾಠಿಯಲ್ಲಿ ‘ಕಾನಡೆ’ ಎಂದರೆ ದುರ್ಬೋಧ, ಗೂಢ, ತಿಳಿಯಲು ಕಠಿನವಾದದ್ದು, ಜ್ಞಾನೇಶ್ವರಿಯಲ್ಲಿಯೇ ಈ ಅರ್ಥದ ಪ್ರಯೋಗ ಸಿಗುತ್ತದೆ. ‘ಕರ್ನಾಟಕು’ ಎಂದರೆ ನಾಟಕ ಮಾಡುವವನು, ಲೀಲೆಯಾಡುವವನು. ಆದ್ದರಿಂದ ಇಲ್ಲಿ ಕನ್ನಡದ ಮಾತೇ ಇಲ್ಲ, ಅಗಮ್ಯನೂ ಲೀಲಾಮಯನೂ ಆದ ದೇವರೆಂದಷ್ಟೇ ತಾತ್ಪರ್ಯ.

ಎರಡನೆಯ ಪಕ್ಷದ ವಾದವನ್ನು ನಮ್ಮವರು ಕೇಳಿದ ಕೂಡಲೆ ಕೆರಳುವರು. ಕೆರಳಬೇಕಾಗಿಲ್ಲ. ಆ ಅರ್ಥ ನಿಜವಾಗಿಯೂ ಇತ್ತು. ಆದರೆ ಅದು ಎಲ್ಲಿಂದ ಬಂತೆಂದು ಕೇಳಬೇಕು. ಇಂಗ್ಲಿಷರು ತಮಗೆ ತಿಳಿಯದ ಮಾತನ್ನು ಗ್ರೀಕ್ ಎನ್ನುವರು. ಗ್ರೀಕ್ ಭಾಷೆ ಇಲ್ಲದಿದ್ದರೆ ಆ ನುಡಿಗಟ್ಟು ಹುಟ್ಟುತ್ತಿರಲಿಲ್ಲ. ಹಾಗೆಯೇ ಮರಾಠಿ ಆಡುವವನ ಕಿವಿಗೆ ದಿನನಿತ್ಯ ಬೀಳುತ್ತಿದ್ದ, ಆದರೆ ಅವನಿಗೆ ತಿಳಿಯದಿದ್ದ ನೆರೆಭಾಷೆ ಕನ್ನಡವಾಗಿತ್ತು. ತುಕಾರಾಮರ ಒಂದು ಅಭಂಗದಲ್ಲಿ ಕನ್ನಡದ ಹೆಂಗಸೊಬ್ಬಳು ಮರಾಠಿ ಗಂಡನನ್ನು ಕಟ್ಟಿಕೊಂಡು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಸಂಸಾರ ಮಾಡುವ ಪ್ರಸಂಗ ಬರುತ್ತದೆ. ನಮ್ಮ ಉಮರ್ಗಾ ಸೀಮೆಯಲ್ಲಿ ಇಂಥ ಸಂಸಾರಗಳು ಇಂದಿಗೂ ಇವೆ, ಸುಖವಾಗಿಯೇ ಇವೆ. ಅದಿರಲಿ. ‘ಕಾನಡಾ’ ಎಂಬುದಕ್ಕೆ ‘ತಿಳಿಯದ್ದು’ ಎಂಬ ಅರ್ಥ ಬಂದುದೇ ‘ಕನ್ನಡದ್ದು’ ಎಂಬ ಅರ್ಥದಿಂದ. ತಾಯಿಯನ್ನು ಮನೆಯಿಂದ ಹೊರಗೆ ಹಾಕಿ ಮಗಳೊಬ್ಬಳೇ ನಿಜವೆಂದು ವಾದಿಸಿದಂತಾಗುತ್ತದೆ ಎರಡನೆಯ ಪಕ್ಷದ ವಾದ. ಮಗಳೇ ಹುಟ್ಟಿಲ್ಲವೆನ್ನುವುದು ನಮ್ಮವರ ವಾದ. ಎರಡೂ ಅರ್ಧ.

ಈ ಜಿಜ್ಞಾಸೆ ಪಂಡಿತರ ಕೋಣೆಯೊಳಗೆ ಮಾತ್ರ ಇರುವುದಾದರೆ ಸ್ಮರಣ ಸಂಚಿಕೆಯ ಪುಟಗಳನ್ನು ಅದಕ್ಕಾಗಿ ವ್ಯಯಿಸುತ್ತಿರಲಿಲ್ಲ. ನಾವು ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಈ ಹಾಡನ್ನು ಕೂಡಿಸಿದ್ದರು. ಸಹೋದ್ಯೋಗಿಯೊಬ್ಬರು ಮಕ್ಕಳಿಗೆ ಅರ್ಥ ಹೇಳುತ್ತ, ಕಾನಡಾ ಎಂದರೆ ಯಾರಿಗೂ ತಿಳಿಯದ್ದು ಎಂದು ಎರಡನೆಯ ಪಕ್ಷದ ವ್ಯಾಖ್ಯಾನವನ್ನಷ್ಟೇ ಹೇಳಿ ಮುಂದೆ ಹೋದರು. ಮನೆಯಲ್ಲಿ ಕನ್ನಡ ಮಾತನಾಡುವ ಹುಡುಗನೊಬ್ಬ ಆ ತರಗತಿಯಲ್ಲಿದ್ದ. ಉಳಿದ ಹುಡುಗರು ಅವನನ್ನು ಕರೆಯುತ್ತಿದ್ದುದೇ ‘ಕಾನಡ್ಯಾ’ ಎಂದು. ಅವನು ಸಾಯಂಕಾಲ ನಮ್ಮ ಬಳಿ ಬಂದು ಕೇಳಿದ: ‘ಗುರುಜಿ, ದೇವರಿಗೂ ಹೀಂಗೇ ಚಿಡಾಸತಿದ್ರೇನ್ರಿ?’ ಅವನಿಗೆ ಅಂದು ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತಿದ್ದೇವೆ.

ಮೊದಲು ಒಂದು ವಿಷಯವನ್ನು ಬೇರ್ಪಡಿಸಬೇಕು. ವಿಠ್ಠಲನಿಗೂ ಕನ್ನಡಕ್ಕೂ ಇರುವ ಸಂಬಂಧವನ್ನು ಸಾಧಿಸಲು ಹಾಡಿನ ಸಾಕ್ಷಿ ಬೇಕಾಗಿಲ್ಲ. ಅದಕ್ಕೆ ಕಲ್ಲು ಇದೆ. ಪಂಢರಪುರದ ದೇವಾಲಯದಲ್ಲಿ ಹೊಯ್ಸಳ ಸೋಮೇಶ್ವರನ ಕಾಲದ, 1237ರ ಶಾಸನವಿದೆ. ಸಂಸ್ಕೃತ ಮತ್ತು ಕನ್ನಡದಲ್ಲಿದೆ. ಊರನ್ನು ಅದು ಪಂಡರಗೆ ಎಂದು ಕರೆಯುತ್ತದೆ. ಪುಂಡರೀಕನ ಹೆಸರೂ ಅಲ್ಲಿದೆ. ಜ್ಞಾನೇಶ್ವರಿ ರಚಿತವಾದುದು 1290ರಲ್ಲಿ. ಶಾಸನ ಅದಕ್ಕಿಂತ ಅರ್ಧ ಶತಮಾನ ಹಿಂದಿನದು. ‘ವಿಠ್ಠಲ’ ಎಂಬ ಹೆಸರೇ ವಿಷ್ಣು ಎಂಬುದರ ಕನ್ನಡ ರೂಪದಿಂದ ಬಂದುದೆಂದು ಸರ್ ರಾಮಕೃಷ್ಣ ಗೋಪಾಳ ಭಾಂಡಾರಕರರು ಅಭಿಪ್ರಾಯಪಟ್ಟಿದ್ದರು. ವಿಷ್ಣುವರ್ಧನನಾಗುವ ಮೊದಲು ಹೊಯ್ಸಳ ದೊರೆಯ ಹೆಸರು ಬಿಟ್ಟಿದೇವನೆಂದಿದ್ದುದನ್ನು ವಾಚಕರು ನೆನೆಯಬಹುದು. ಶಂ. ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಈ ಸೀಮೆಯ ಕನ್ನಡದ ಹೆಜ್ಜೆಗಳನ್ನು ಹುಡುಕಿದರು. ಮರಾಠಿಯ ರಾ. ಚಿಂ. ಢೇರೆಯವರು 1984ರಲ್ಲಿ ಪ್ರಕಟಿಸಿದ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಎಂಬ ಗ್ರಂಥದಲ್ಲಿ ವಿಠ್ಠಲನ ದಾಕ್ಷಿಣಾತ್ಯ ಮೂಲವನ್ನು, ದನಗಾಹಿ ಕುರಿಗಾಹಿ ಜನರ ದೈವವಾಗಿ ಅವನ ಪೂರ್ವರೂಪವನ್ನು ಬಹು ವಿಸ್ತಾರವಾಗಿ ವಿವೇಚಿಸಿದರು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಮರಾಠಿಗರು ಒಪ್ಪಿಕೊಳ್ಳುವುದಿಲ್ಲವೆಂಬ ನಮ್ಮ ದೂರಿಗೆ ಈ ಒಂದು ಗ್ರಂಥವೇ ಸಾಕಷ್ಟು ಉತ್ತರ. ಇಷ್ಟೆಲ್ಲ ಆಧಾರಗಳಿರುವಾಗ, ಸಿನೆಮಾ ಹಾಡೊಂದರ ಹೆಸರನ್ನು ದಸ್ತಾವೇಜಿನಂತೆ ಮಂಡಿಸಿದರೆ ನಮ್ಮ ಪಕ್ಷವೇ ದುರ್ಬಲವಾಗಿ ಕಾಣುತ್ತದೆ.

ಹಾಡು ಸಾಕ್ಷಿ ಹೇಳುವುದಿಲ್ಲ. ಹಾಡು ಮಾಡುವುದು ಬೇರೆಯೇ ಒಂದು ಕೆಲಸ, ಮತ್ತು ಅದು ಹೆಚ್ಚಿನದು.

ಪಲ್ಲವಿಯಲ್ಲಿ ಗದಿಮಾ ‘ಕಾನಡಾ’ ಎಂದೊಡನೆ ವೇದಗಳಿಗೂ ಈ ಅರಸನ ಆಳ ಅಳತೆ ತಿಳಿಯದೆ ಹೋಯಿತೆಂಬ ಭಾವವನ್ನು ಜೋಡಿಸಿಬಿಡುತ್ತಾರೆ. ಅಂದರೆ ‘ತಿಳಿಯದವನು’ ಎಂಬ ಅರ್ಥ ಅವರ ಮನಸ್ಸಿನಲ್ಲಿ ಇತ್ತೆಂಬುದರಲ್ಲಿ ಸಂಶಯವಿಲ್ಲ. ನಮ್ಮವರು ಹೆಸರಿಗೇ ನಿಲ್ಲುವುದರಿಂದ ಈ ಎರಡನೆಯ ಮಾತು ಅವರ ಕಿವಿಗೆ ಬೀಳುವುದಿಲ್ಲ. ಮುಂದಿನ ಎರಡು ಚರಣಗಳು ಆ ತಿಳಿಯದವನ ವರ್ಣನೆ. ನಿರಾಕಾರನೂ ನಿರ್ಗುಣನೂ ಆದವನು ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ಪ್ರಕಟನಾದ ಸೋಜಿಗ ಮೊದಲನೆಯದರಲ್ಲಿ. ಆ ಪರಬ್ರಹ್ಮವೇ ಭಕ್ತರಿಗಾಗಿ ಭೀಮೆಯ ದಡದಲ್ಲಿ ಮೂಕವಾಗಿ ನಿಂತಿತು, ಪುಂಡಲೀಕನ ಭಾವವೇ ಅವಯವ ಪಡೆದಂತಾಯಿತು ಎಂಬ ಕಲ್ಪನೆ ಎರಡನೆಯದರಲ್ಲಿ. ನಿಷ್ಪಕ್ಷಪಾತವಾಗಿ ಹೇಳುವುದಾದರೆ ಮೊದಲನೆಯ ಚರಣ ಸಾಧಾರಣ. ನಿರ್ಗುಣ, ನಿರಾಕಾರ, ಕಟಿಯ ಮೇಲಿನ ಕರ, ಇವೆಲ್ಲ ಯಾವ ಕೀರ್ತನಕಾರನ ಜೋಳಿಗೆಯಲ್ಲಿಯೂ ಸಿಗುವ ಸಾಮಗ್ರಿ. ಎರಡನೆಯದರಲ್ಲಿ ‘ಮೂಕ’ ಎಂಬ ವಿಶೇಷಣ ಮಾತ್ರ ಗದಿಮಾ ಅವರ ಸ್ವಂತ ಮುದ್ರೆ. ಯಾವ ದೇವರ ಭಾಷೆಯ ವಿಷಯವಾಗಿ ನಾವು ಇಷ್ಟು ಜಗಳವಾಡುತ್ತೇವೆಯೋ ಆ ದೇವರು ಮಾತೇ ಆಡದೆ ನಿಂತಿದ್ದಾನೆ! ಕವಿ ಇದನ್ನು ಬೇಕೆಂದೇ ಇಟ್ಟರೋ, ಸಹಜವಾಗಿ ಬಂದಿತೋ, ಹಾಡಿನ ಹೆಸರಿನೊಂದಿಗೆ ಕೂಡಿಸಿ ಓದಿದಾಗ ಅದು ಮಿಂಚುತ್ತದೆ.

ಜ್ಞಾನೇಶ್ವರರ ಎರಡು ವಿಶೇಷಣಗಳಲ್ಲಿ ಗದಿಮಾ ಒಂದನ್ನೇ ಉಳಿಸಿಕೊಂಡರು; ‘ಕರ್ನಾಟಕು’ ಈ ಹಾಡಿನಲ್ಲಿಲ್ಲ. ಯಾಕೆ ಬಿಟ್ಟರು? ನಮಗೆ ತೋರುವ ಕಾರಣ ಇದು: ನಾಟಕವಾಡುವವನೆಂಬ ಆ ಅರ್ಥವನ್ನು ಪದದಲ್ಲಿ ಹೇಳಬೇಕಾದ ಅಗತ್ಯ ಇಲ್ಲಿರಲಿಲ್ಲ, ಏಕೆಂದರೆ ಚಿತ್ರದ ಕಥೆಯೇ ಆ ಪದದ ಭಾಷ್ಯ. ದೇವರು ವೇಷ ಹಾಕುತ್ತಾನೆ. ಅದೂ ಎಂಥ ವೇಷ! ಅರಸನದಲ್ಲ, ಋಷಿಯದಲ್ಲ, ಊರ ಹೊರಗಿನ ಮಹಾರನ ವೇಷ. ಕಂಬಳಿ, ಕೋಲು, ಬಾಗಿದ ಬೆನ್ನು. ಹಾಡನ್ನು ಚಿತ್ರದಿಂದ ಬಿಡಿಸಿ ಬರಿಯ ಭಕ್ತಿಗೀತವೆಂದು ಕೇಳುವವರಿಗೆ ಈ ಅಂಶ ತಪ್ಪಿಹೋಗುತ್ತದೆ.

ಇನ್ನು ಮೂರನೆಯ ಚರಣ. ಹಾಡಿನ ಪ್ರಾಣ ಇರುವುದು ಇಲ್ಲಿ. ಇದುವರೆಗೆ ವೇದ, ಬ್ರಹ್ಮ, ನಿರ್ಗುಣ ಎಂದು ಮುಗಿಲಲ್ಲಿದ್ದ ಕವಿ ಒಮ್ಮೆಲೇ ನೆಲಕ್ಕಿಳಿಯುತ್ತಾರೆ. ವೇದಗಳಿಗೆ ತಿಳಿಯದ ಈ ದೇವರು ನಾಮದೇವನ ಪಾಯಸವನ್ನು ಸವಿಯುತ್ತಾನೆ, ಚೋಖಾಮೇಳನ ದನ ಕಾಯುತ್ತಾನೆ. ಪುರಂದರನಿಗೆ ಇವನೇ ಪರಮಾತ್ಮ, ದಾಮಾಜಿಗೆ ಇವನೇ ರಕ್ಷಕ. ನಾಲ್ಕು ಹೆಸರು. ಒಬ್ಬ ಶಿಂಪಿಗ, ಒಬ್ಬ ಮಹಾರ, ಒಬ್ಬ ಹರಿದಾಸ, ಒಬ್ಬ ಸರಕಾರಿ ಅಧಿಕಾರಿ. ಈ ನಾಲ್ವರಲ್ಲಿ ಮೂವರು ಮರಾಠಿ ಪರಂಪರೆಯವರು. ಮೂರನೆಯವರು ನಮ್ಮ ಪುರಂದರದಾಸರು.

ಇದು ಪುರಂದರದಾಸರೇ ಹೌದೇ, ಎಂದು ಕೆಲವರು ಸಂಶಯ ತೋರುವುದುಂಟು. ಪುರಂದರನೆಂದರೆ ಇಂದ್ರ, ಇಂದ್ರನ ಪರಮಾತ್ಮ, ಅಂದರೆ ದೇವತೆಗಳಿಗೂ ದೇವರು, ಎಂದೇಕೆ ಅರ್ಥೈಸಬಾರದು ಎಂದು ಕೇಳುತ್ತಾರೆ. ವ್ಯಾಕರಣ ಅಡ್ಡಿ ಬರುವುದಿಲ್ಲ, ಸಂದರ್ಭ ಅಡ್ಡಿ ಬರುತ್ತದೆ. ನಾಮದೇವ, ಚೋಖಾಮೇಳ, ದಾಮಾಜಿ ಎಂಬ ಮೂವರು ಮಾನವಭಕ್ತರ ಪಂಕ್ತಿಯ ನಡುವೆ ಐರಾವತವನ್ನೇರಿದ ಇಂದ್ರನಿಗೆ ಮಣೆ ಹಾಕುವಷ್ಟು ಎಡವಟ್ಟು ಕವಿಯಲ್ಲ ಗದಿಮಾ. ಅಲ್ಲದೆ ಕನ್ನಡಿಗರ ಕಿವಿಗೆ ‘ಪುರಂದರ’ ಎಂದೊಡನೆ ಮುಂದಿನ ಪದ ತಾನಾಗಿ ಕೇಳಿಬರುತ್ತದೆ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ನಮ್ಮ ದಾಸರು ತಮ್ಮ ಹಾಡಿನ ಕಡೆಗೆ ಮಾಡಿದ ರುಜು ವಿಠಲನದು. ಈ ಅಂಕಿತವನ್ನು ಗದಿಮಾ ಬಿಡಿಸಿ, ಪುರಂದರನನ್ನು ಉಳಿಸಿ, ವಿಠಲನ ಜಾಗದಲ್ಲಿ ಪರಮಾತ್ಮನನ್ನಿಟ್ಟರು. ಮರಾಠಿ ಕೇಳುಗನಿಗೆ ಅದು ಒಂದು ಭಕ್ತನ ಹೆಸರು. ಕನ್ನಡ ಕೇಳುಗನಿಗೆ ಅರ್ಧ ಹೇಳಿ ನಿಲ್ಲಿಸಿದ ಅಂಕಿತ. ಉಳಿದರ್ಧವನ್ನು ನಾವೇ ಮನಸ್ಸಿನಲ್ಲಿ ಹಾಡಿಕೊಳ್ಳುತ್ತೇವೆ.

ಪುರಂದರದಾಸರು ಬಾಳಿದ್ದು ವಿಜಯನಗರದ ವೈಭವದಲ್ಲಿ. ಹಂಪೆಯಲ್ಲಿ ವಿಠ್ಠಲನ ಭವ್ಯ ದೇಗುಲವೇ ಇತ್ತು. ಪಂಢರಪುರದ ಮೂರ್ತಿಯನ್ನು ಕೃಷ್ಣದೇವರಾಯನು ಹಂಪೆಗೆ ಒಯ್ದನೆಂದೂ, ಏಕನಾಥರ ವಂಶದ ಹಿರಿಯ ಭಾನುದಾಸರು ಅದನ್ನು ಮರಳಿ ತಂದರೆಂದೂ ಮರಾಠಿ ಸಂತಪರಂಪರೆಯೇ ಹೇಳುತ್ತದೆ. ಪಂಢರಪುರದಲ್ಲಿ ದಾಸರ ಕುರಿತು ಒಂದು ಕಥೆಯುಂಟು. ವಿಠ್ಠಲನು ಪುರಂದರದಾಸರ ರೂಪದಲ್ಲಿ ಹೋಗಿ ತನ್ನ ಬಂಗಾರದ ಕಡಗವನ್ನು ನರ್ತಕಿಯೊಬ್ಬಳಿಗೆ ಕೊಟ್ಟನು. ಕಡಗ ಕಾಣದಾದಾಗ ಕಳವಿನ ಆಪಾದನೆ ದಾಸರ ಮೇಲೆ ಬಂದು, ಅವರನ್ನು ಗುಡಿಯ ಕಂಬಕ್ಕೆ ಕಟ್ಟಿ ಹೊಡೆದರು. ಇದನ್ನು ದಾಮಾಜಿಯ ಕಥೆಯ ಪಕ್ಕಕ್ಕಿಟ್ಟು ನೋಡಿರಿ. ಅಲ್ಲಿ ದೇವರು ಮಹಾರನ ವೇಷ ಹಾಕಿ ಭಕ್ತನನ್ನು ಶಿಕ್ಷೆಯಿಂದ ಬಿಡಿಸಿದನು. ಇಲ್ಲಿ ಭಕ್ತನದೇ ವೇಷ ಹಾಕಿ ಭಕ್ತನನ್ನು ಶಿಕ್ಷೆಗೆ ಗುರಿಮಾಡಿದನು. ಒಂದರಲ್ಲಿ ಹಣ ಕೊಟ್ಟನು, ಇನ್ನೊಂದರಲ್ಲಿ ಕಡಗ ಕೊಟ್ಟನು. ಎರಡರಲ್ಲಿಯೂ ವೇಷ, ಎರಡರಲ್ಲಿಯೂ ಲೆಕ್ಕಕ್ಕೆ ಸಿಗದ ಕೊಡುಗೆ. ‘ಕಾನಡಾ’ನೆಂದರೆ ತಿಳಿಯದವನು, ‘ಕರ್ನಾಟಕು’ ಎಂದರೆ ವೇಷಗಾರ ಎಂಬ ಅರ್ಥಗಳನ್ನೇ ಹಿಡಿದು ಹೊರಟರೂ, ಹಾಡು ನಮ್ಮನ್ನು ತಂದು ನಿಲ್ಲಿಸುವುದು ಒಬ್ಬ ಕನ್ನಡ ಭಕ್ತನ ಎದುರಿಗೆ. ಕನ್ನಡವನ್ನು ಮುಂಬಾಗಿಲಿನಿಂದ ಹೊರಹಾಕಿದ ವ್ಯಾಖ್ಯಾನಕಾರರು ಹಿತ್ತಿಲ ಬಾಗಿಲಿನಲ್ಲಿ ಪುರಂದರದಾಸರು ತಂಬೂರಿ ಹಿಡಿದು ಒಳಬಂದುದನ್ನು ನೋಡಲಿಲ್ಲ.

ಪಂಢರಪುರಕ್ಕೆ ಹೋಗಿಬಂದವರಿಗೆ ಈ ಚರಣ ಇನ್ನೊಂದು ಬಗೆಯಿಂದಲೂ ಹೊಳೆಯುತ್ತದೆ. ಮಹಾದ್ವಾರದಲ್ಲಿ ಸಿಗುವುದು ನಾಮದೇವರ ಪಾವಟಿಗೆ. ಭಕ್ತರ ಪಾದಧೂಳಿ ತಮ್ಮ ಮೇಲೆ ಬೀಳಲೆಂದು ಬಯಸಿದ ನಾಮದೇವರ ಹೆಸರಿನ ಮೆಟ್ಟಿಲು. ಅದರ ಎದುರಿಗೆ, ಹೊರಗೆ, ಚೋಖಾಮೇಳರ ಸಮಾಧಿ. ಅವರು ಮಡಿದುದು ಮಂಗಳವೇಢೆಯಲ್ಲಿ ಗೋಡೆ ಕುಸಿದು. ಅಸ್ಥಿಗಳನ್ನು ನಾಮದೇವರು ಇಲ್ಲಿಗೆ ತಂದರೆಂದು ಹೇಳುತ್ತಾರೆ. ಒಳಗೆ ಹೋದರೆ, ಕನ್ನಡ ಯಾತ್ರಿಕರು ಪುರಂದರದಾಸರ ಕಂಬವೆಂದು ತಬ್ಬಿಕೊಳ್ಳುವ ಕಂಬ. ನಾಮದೇವ, ಚೋಖಾಮೇಳ, ಪುರಂದರ: ಹಾಡಿನ ಈ ಮೂರು ಹೆಸರುಗಳೂ ಕಾಲು ನಡೆಯುವ ದಾರಿಯಲ್ಲಿಯೇ ಸಿಗುತ್ತವೆ. ಅಲ್ಲಿಂದ ಮುಂದೆ ದೇವರ ಪಾದ. ಚೋಖಾಮೇಳರ ಜನಕ್ಕೆ ಆ ಮೆಟ್ಟಿಲು ದಾಟಿ ಒಳಹೋಗಲು ಆರು ಶತಮಾನ ಬೇಕಾಯಿತೆಂಬುದನ್ನೂ ಇಲ್ಲಿ ನೆನೆಯಬೇಕು. 1947ರ ಮೇ ತಿಂಗಳಲ್ಲಿ ಸಾನೆ ಗುರುಜಿಯವರು ಪಂಢರಪುರದಲ್ಲಿ ಉಪವಾಸ ಕುಳಿತ ಮೇಲೆ ಆ ಬಾಗಿಲು ಹರಿಜನರಿಗೆ ತೆರೆಯಿತು. ಹಾಡು ಬಂದುದು ಅದಾಗಿ ಇಪ್ಪತ್ತಮೂರು ವರ್ಷಕ್ಕೆ. ಹೊರಗಿದ್ದ ಚೋಖಾಮೇಳರನ್ನು, ಒಳಗಿದ್ದ ಪುರಂದರದಾಸರನ್ನು ಒಂದೇ ಉಸಿರಿನಲ್ಲಿ ಹಾಡಿಸಿದ ಚರಣವಿದು. ಜಾತಿಯ ಗೆರೆ, ಭಾಷೆಯ ಗೆರೆ ಎರಡನ್ನೂ ಕವಿ ಒಟ್ಟಿಗೆ ದಾಟಿದ್ದಾರೆ. ಭಾಷಣ ಮಾಡದೆ, ಹೆಸರುಗಳನ್ನು ಪಕ್ಕಪಕ್ಕಕ್ಕೆ ಕೂರಿಸುವುದರಿಂದಲೇ.

ಕೊರತೆಯನ್ನೂ ಹೇಳಬೇಕು. ಈ ಪಂಕ್ತಿಯಲ್ಲಿ ಹೆಣ್ಣುಮಕ್ಕಳಿಲ್ಲ. ಕಥೆ ಮಂಗಳವೇಢೆಯದಾಗಿರುವಾಗ, ಅದೇ ಊರಿನ ಕಾನ್ಹೋಪಾತ್ರೆ, ಬೀದರದ ಬಾದಶಹನ ಕರೆಗೆ ಹೋಗಲೊಲ್ಲದೆ ವಿಠ್ಠಲನ ಪಾದದಲ್ಲಿ ಪ್ರಾಣ ಬಿಟ್ಟಳೆಂದು ಜನ ಹಾಡುವ ಆ ವೇಶ್ಯಾಪುತ್ರಿ, ಕವಿಯ ನೆನಪಿಗೆ ಬಾರದುದು ನಮಗೆ ಬಹಳ ಕಾಡುತ್ತದೆ. ದೇವರ ಜೊತೆಗೆ ಬೀಸುವ ಕಲ್ಲು ತಿರುಗಿಸಿದ ಜನಾಬಾಯಿಯೂ ಇಲ್ಲ. ಮೂರು ಚರಣದ ಹಾಡಿನಲ್ಲಿ ಎಲ್ಲರನ್ನೂ ತರಲಾಗದೆಂಬುದು ನಿಜ. ಆದರೂ ಮೊದಲನೆಯ ಚರಣದ ವೇದಾಂತಕ್ಕೆ ಬದಲು ಕಾನ್ಹೋಪಾತ್ರೆ ಬಂದಿದ್ದರೆ ಹಾಡಿಗೆ ಲಾಭವೇ ಆಗುತ್ತಿತ್ತು.

ಗಾಯನದ ಬಗ್ಗೆ ಒಂದೆರಡು ಮಾತು. ಇಬ್ಬರು ಗಾಯಕರ ಕಂಠಗಳು ಒಂದಕ್ಕೊಂದು ಹೋಲುವುದಿಲ್ಲ. ಫಡಕೆಯವರದು ಪದವನ್ನು ಮುಂದಿಡುವ ಕಂಠ. ಒಂದೊಂದು ಅಕ್ಷರವೂ ತೊಳೆದಿಟ್ಟಂತೆ. ವಸಂತರಾಯರದು ಸ್ವರವನ್ನು ಮುಂದಿಡುವ ಕಂಠ; 1967ರಲ್ಲಿ ರಂಗಕ್ಕೆ ಬಂದ ‘ಕಟ್ಯಾರ ಕಾಳಜಾತ ಘುಸಲಿ’ ನಾಟಕದ ಖಾನಸಾಹೇಬನ ಪಾತ್ರದಿಂದ ಮಹಾರಾಷ್ಟ್ರವನ್ನೇ ಮರುಳುಮಾಡಿದ ಗವಾಯಿ ಅವರು. ಒಬ್ಬರು ಅರ್ಥ ಹೇಳುತ್ತಾರೆ, ಇನ್ನೊಬ್ಬರು ಅರ್ಥಕ್ಕೆ ಸಿಗದುದನ್ನು ಹೇಳುತ್ತಾರೆ. ‘ಕಾನಡಾ’ ಪದದ ಎರಡು ಅರ್ಥಗಳಿಗೆ ಎರಡು ದನಿ ಸಿಕ್ಕಂತಿದೆ. ಸಂಗೀತಗಾರರ ಪರಿಭಾಷೆಯಲ್ಲಿ ದರಬಾರಿ ಮೊದಲಾದ ರಾಗಗಳ ಕುಲಕ್ಕೂ ಕಾನಡಾ ಎಂಬುದೇ ಹೆಸರು, ಅದೂ ಕರ್ನಾಟಕದಿಂದಲೇ ಬಂದುದೆಂದು ಬಲ್ಲವರು ಹೇಳುವರು. ಹಿಂದುಸ್ತಾನಿ ಗವಾಯಿಯೊಬ್ಬರ ಬಾಯಲ್ಲಿ ‘ಕಾನಡಾ’ ಎಂಬ ಪದ ಬಂದಾಗ ಅದು ಹೀನಾರ್ಥದಲ್ಲಿ ಕೇಳಲು ಸಾಧ್ಯವೇ ಇಲ್ಲ.

ಇದು ಒಂದೇ ದಿಕ್ಕಿನ ವ್ಯವಹಾರವೂ ಅಲ್ಲ. ಮರಾಠಿ ಚಿತ್ರವೊಂದು 1970ರಲ್ಲಿ ಪುರಂದರದಾಸರ ಹೆಸರನ್ನು ಹಾಡಿತು. ನಾಲ್ಕು ವರ್ಷಗಳ ಬಳಿಕ, 1974ರಲ್ಲಿ, ಕನ್ನಡದಲ್ಲಿ ‘ಭಕ್ತ ಕುಂಬಾರ’ ಬಂದಿತು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ರಾಜಕುಮಾರರ ಅಭಿನಯ. ಆ ಗೋರಾ ಕುಂಬಾರರು ಯಾವ ಊರಿನವರು? ನಮ್ಮದೇ ಜಿಲ್ಲೆಯ ತೇರದವರು. ಬೆಂಗಳೂರು ಮೈಸೂರಿನ ಜನ ಕಣ್ಣೀರು ಸುರಿಸುತ್ತ ನೋಡಿದ ಕುಂಬಾರನ ತಿಗರಿ ತಿರುಗಿದ್ದು ಉಮರ್ಗಾದಿಂದ ಎಸ್.ಟಿ. ಬಸ್ಸಿನಲ್ಲಿ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಊರಿನಲ್ಲಿ. ಗದುಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಒಂದೇ ಕಂಠದಿಂದ ಮರಾಠಿ ಸಂತವಾಣಿಯನ್ನೂ ಕನ್ನಡ ದಾಸವಾಣಿಯನ್ನೂ ಹಾಡಿ, ಎರಡೂ ಕಡೆಯವರು ‘ನಮ್ಮವರು’ ಎನ್ನುವಂತೆ ಮಾಡಿದರು. ಅವರನ್ನು ಯಾರೂ ಸಾತಬಾರಾ ಕೇಳಲಿಲ್ಲ.

ಆ ಹುಡುಗನಿಗೆ ನಾವು ಹೇಳಿದುದು ಇಷ್ಟೇ: ‘ಚಿಡಾಸಲಿಕ್ಕೆ ಅಲ್ಲಪ್ಪಾ. ಮಾತು ತಿಳಿಯದ ಊರಿನಿಂದ ಬಂದವ, ಆದರೂ ನಮ್ಮ ಮನಸ್ಸು ಕದ್ದುಕೊಂಡ ಅಂತ ಅವರು ಬೆರಗುಪಟ್ಟದ್ದು. ಕಡೀ ಚರಣ ಕೇಳು, ನಮ್ಮ ದಾಸರ ಹೆಸರು ಬರತದ.’ ಅವನಿಗೆ ಅದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಆ ಸ್ನೇಹಸಮ್ಮೇಳನದಲ್ಲಿ ವೇಳೆಯಿಲ್ಲವೆಂದು ಹಾಡನ್ನು ಎರಡು ಚರಣಕ್ಕೆ ಮುಗಿಸುವುದೆಂದು ಗೊತ್ತುಮಾಡಿದ್ದರು. ಶಾಲೆಗಳಲ್ಲಿ, ಗಣಪತಿಯ ಮಂಟಪಗಳಲ್ಲಿ, ನಮ್ಮ ಸಂಘದ ವೇದಿಕೆಯಲ್ಲಿ ಸಹ, ಬಹುತೇಕ ಹೀಗೆಯೇ ನಡೆಯುತ್ತ ಬಂದಿದೆ. ಪಲ್ಲವಿ, ಎರಡು ಚರಣ, ಮತ್ತೆ ಪಲ್ಲವಿ, ಚಪ್ಪಾಳೆ. ಪುರಂದರದಾಸರೂ ಚೋಖಾಮೇಳರೂ ಹೊರಗೇ ಉಳಿಯುತ್ತಾರೆ.

ಈ ಸಾಹಿತ್ಯ ಸಮ್ಮೇಳನದ ಸಾಂಸ್ಕೃತಿಕ ಸಂಜೆಯಲ್ಲಿ ಮಕ್ಕಳು ಇದೇ ಹಾಡನ್ನು ಹಾಡಲಿರುವರೆಂದು ಕಾರ್ಯಕ್ರಮ ಪತ್ರಿಕೆಯಿಂದ ತಿಳಿದು ಸಂತೋಷವಾಯಿತು. ಸನ್ಮಾನದ ಹಾರ ತುರಾಯಿಗಳು ಎಷ್ಟೇ ಉದ್ದವಾದರೂ, ವೇಳೆ ಎಷ್ಟೇ ಮೀರಿದರೂ, ಮೂರನೆಯ ಚರಣವನ್ನು ಕೈಬಿಡಬಾರದೆಂದು ಕಾರ್ಯಕಾರಿ ಮಂಡಳಿಗೆ ನಮ್ಮ ವಿನಮ್ರ ವಿನಂತಿ. ತೀರ ಅನಿವಾರ್ಯವಾದರೆ ಮೊದಲನೆಯದನ್ನು ಬಿಡಬಹುದು.